ಹನ್ನೆರಡು ಸಾವಿರ ಗೂಟ ಮತ್ತು ನಿಯಮಾತೀತ ಗಣನ ಶಾಖೆ

೧೯೪೩ರಲ್ಲಿ ಹಲಸೂರಿನ ಸಂಜೀವಪ್ಪನವರಿಗೂ ದಂಡಿನ ಒಂದು ಸರಬರಾಜು ಕಚೇರಿಗೂ ನಡುವೆ ಇದ್ದ ವ್ಯವಹಾರ ಹನ್ನೆರಡು ಸಾವಿರ ಡೇರೆ ಗೂಟಗಳದು. ಗೂಟ ತಯಾರಾಗಿ ಹದಿನಾಲ್ಕು ತಿಂಗಳಾಗಿತ್ತು. ಮಂಜೂರಾತಿಯ ಫೈಲು ಇನ್ನೂ ಮೇಜಿಂದ ಮೇಜಿಗೆ ಓಡಾಡುತ್ತಿತ್ತು. ಸಂಜೀವಪ್ಪನವರ ಮರದ ಮಂಡಿಯಲ್ಲಿ ಗೆದ್ದಲು ಕೆಲಸ ಶುರುಮಾಡಿತ್ತು. ಫೈಲು ಮುಗಿಯುವುದಾದರೆ ಕಾಯಬೇಕು, ಇಲ್ಲವಾದರೆ ಈ ವಾರವೇ ಸೌದೆಗೆ ಮಾರಬೇಕು.

"ಸಾಹೇಬ್ರೇ, ಇದು ಮುಗಿಯತ್ತಾ ಇಲ್ವಾ, ಅಷ್ಟು ಹೇಳ್ಬಿಡಿ."

ಹೆಡ್ ಗುಮಾಸ್ತ ಇನಾಯತ್ ಉಲ್ಲಾ ಕನ್ನಡಕ ಒರೆಸಿದರು. "ಮುಂದೆ ಯಾವ ಮೇಜಿಗೆ ಹೋಗ್ಬೇಕು ಅಂತ ನಿಯಮ ಇದೆ ಸಾವ್ಕಾರ್ರೇ. ಎಲ್ಲಾದ್ರೂ ನಿಲ್ಲತ್ತಾ ಅನ್ನೋದು ಲೆಕ್ಕಕ್ಕೆ ಸಿಗಲ್ಲ. ಫೈಲಿನ ಹಿಂದೇನೇ ಹೋಗ್ತಿರ್ಬೇಕು, ನಿಲ್ಲೋವರ್ಗೂ."

"ನಿಲ್ಲದೇ ಇದ್ರೆ?"

"ಇನ್ನೂ ನಿಂತಿಲ್ಲ ಅಂತ ಗೊತ್ತಾಗ್ತಾ ಇರತ್ತೆ."

"ಲೆಕ್ಕಕ್ಕೆ ಸಿಗದ್ದನ್ನ ನಮ್ಮೋರು ಅಮ್ಮನ ಹತ್ರ ಹೂ ಕೇಳ್ತಾರೆ. ಬಲಕ್ಕೆ ಬಿದ್ರೆ ಹೌದು, ಎಡಕ್ಕೆ ಬಿದ್ರೆ ಇಲ್ಲ."

ಹೊಸ ಹುದ್ದೆ ಹುಟ್ಟಿಸುವ ಸಲಹೆಯಾದ್ದರಿಂದ ಎರಡೇ ದಿನದಲ್ಲಿ ಆದೇಶ ಬಂತು:

"ನಿಯಮಗಳಿಂದ ಲೆಕ್ಕಕ್ಕೆ ಸಿಗದ ವಿಷಯಗಳಿಗಾಗಿ ನಿಯಮಾತೀತ ಗಣನ ಶಾಖೆಯನ್ನು ತೆರೆಯಲಾಗಿದೆ. ಮುಗಿಯುವುದೆಂದು ಹೂವು ಸೂಚಿಸಿದ ಫೈಲು ಹೇಗೂ ಮುಗಿಯುವುದರಿಂದ ಅದನ್ನು ಮೊದಲ ಮೇಜಿಗೆ ಹಿಂದಿರುಗಿಸತಕ್ಕದ್ದು. ಮುಗಿಯದೆಂದು ಸೂಚಿಸಿದ ಫೈಲನ್ನು, ಕಾಗದ ದಂಡವಾಗದಂತೆ, ಅಂದೇ ಮಂಜೂರು ಮಾಡಿ ಮುಗಿಸತಕ್ಕದ್ದು."

ಕಚೇರಿಯ ಹಿಂದಿನ ಗುಡಿಯಲ್ಲಿ ಪೂಜೆ ಮಾಡುತ್ತಿದ್ದ ಮುನಿಲಕ್ಷ್ಮಮ್ಮ ಶಾಖಾಧಿಕಾರಿಣಿಯಾದರು. ಅಮ್ಮನ ಎರಡು ಭುಜಕ್ಕೂ ಒಂದೊಂದು ಕಣಗಿಲೆ ಹೂ ಒತ್ತಿದರು.

"ಎಡಗಡೇದೇ ಬೀಳ್ಲಿ ತಾಯಿ," ಎಂದರು ಸಂಜೀವಪ್ಪ.

"ಎಲ್ರೂ ಬಲ ಬೇಡ್ತಾರೆ, ನಿಂದೇನಪ್ಪಾ?"

"ಆದೇಶ ಹಂಗಿದೆ ಕಣಮ್ಮ. ಎಡಕ್ಕೆ ಬಿದ್ರೆ ಇವತ್ತೇ ಮುಗಿಯತ್ತೆ."

"ಇವತ್ತೇ ಮುಗಿಯೋದನ್ನ ಮುಗಿಯಲ್ಲ ಅಂತ ಅಮ್ಮ ಹೆಂಗ್ ಹೇಳ್ತಾಳೆ? ಸುಳ್ಳಾಗಲ್ವಾ?"

"ಬಲಕ್ಕೆ ಬಿದ್ರೆ ಮೊದಲ್ನೇ ಮೇಜು. ಅದು ತಿರುಗ್ತಾನೇ ಇರತ್ತೆ."

"ಹಂಗಾದ್ರೆ ಅದೂ ಸುಳ್ಳೇ," ಎಂದು ಮುನಿಲಕ್ಷ್ಮಮ್ಮ ಎಲೆಯಡಿಕೆ ಬಾಯಿಗೆ ಹಾಕಿಕೊಂಡರು.

ಸಂಜೆಯಾದರೂ ಹೂ ಬೀಳಲಿಲ್ಲ. ಹಿಂದೆ ಸರದಿಯಲ್ಲಿದ್ದ ೧,೧೩೯ ಫೈಲುಗಳಿಗೂ ಹಾಗೇ ಆಯಿತು. ಇನಾಯತ್ ಉಲ್ಲಾ "ಉತ್ತರ ಪರಿಶೀಲನೆಯಲ್ಲಿದೆ" ಎಂದು ಬರೆದುಕೊಂಡು, ಉತ್ತರ ಬರುವವರೆಗೆ ಪ್ರತಿ ಫೈಲಿಗೂ ದಿನಾ ಹೊಸ ಜೋಡಿ ಹೂ ಇಡತಕ್ಕದ್ದೆಂದು ಸುತ್ತೋಲೆ ಹೊರಡಿಸಿದರು.

ಸಂಜೀವಪ್ಪ ಸುತ್ತೋಲೆಯನ್ನು ಎರಡು ಸಲ ಓದಿ, ಗೂಟಗಳನ್ನು ಸೌದೆಗೆ ಕೊಟ್ಟು, ಹೂ ಸರಬರಾಜಿಗೆ ಅರ್ಜಿ ಹಾಕಿದರು. ಹೂವಿಲ್ಲದೆ ಹೂ ಕೇಳಲಾಗದ ಕಾರಣ ಈ ಫೈಲನ್ನು ಮಾತ್ರ ಶಾಖೆಗೆ ಕಳುಹಿಸದೆ ಅಂದೇ ಮಂಜೂರು ಮಾಡಲಾಯಿತು.

ವರ್ಷದ ಕೊನೆಗೆ ಒಟ್ಟು ಗಳಿಕೆ: ಕಚೇರಿಗೆ ಒಂದು ಶಾಖೆ, ಮೂರು ಹುದ್ದೆ, ಮುನಿಲಕ್ಷ್ಮಮ್ಮನವರಿಗೆ ಪಿಂಚಣಿಯ ಹಕ್ಕು, ಸಂಜೀವಪ್ಪನವರಿಗೆ ದಿನಕ್ಕೆ ೨,೨೮೦ ಹೂವಿನ ಗುತ್ತಿಗೆ, ಮುಕ್ತಾಯದ ದಿನಾಂಕವಿಲ್ಲದೆ. ಮುಗಿದ ಫೈಲು, ಒಂದು.