ಜಪಾನಿನ ಸಿಮ್ಮು, ಮುಧೋಳದ ಸಂಬಂಧ

ಕೈಯಲ್ಲೊಂದು ಫೋನಿದ್ದರೆ ಸಾಕು, ನನ್ನ ಮರ್ಯಾದೆ ಕಳೆಯಲು ಬೇರೆ ಯಾರೂ ಬೇಕಿಲ್ಲ. ಬನಹಟ್ಟಿಯಲ್ಲಿದ್ದಾಗ ಓಣಿಯವರ ಎದುರಷ್ಟೇ ಹೋಗುತ್ತಿತ್ತು. ಮಗ್ಗದ ಯಂತ್ರಗಳ ರಿಪೇರಿ ಕಲಿಯಲು ಜಪಾನಿಗೆ ಬಂದ ಮೇಲೆ ಎರಡು ದೇಶಗಳಲ್ಲಿ ಒಟ್ಟಿಗೇ ಹೋಗತೊಡಗಿತು. ಅದೇ ಹೊತ್ತಿಗೆ ಮುಧೋಳದ ಒಬ್ಬ ಹುಡುಗಿಯ ಜೊತೆ ನನ್ನ ಮದುವೆಯ ಮಾತುಕತೆ ನಡೆದಿತ್ತು. ಹುಡುಗಿ ಹೂಂ ಅಂದಿದ್ದಳು, ನಾನಂತೂ ಯಾವಾಗಲೋ ಅಂದಿದ್ದೆ. ಆಕೆಯ ತಾಯಿಯ ತಂದೆ, ಮನೆಯವರೆಲ್ಲ ಹೆದರುವ ಮುತ್ತ್ಯಾ ಮಾತ್ರ ಇನ್ನೂ ಅಂದಿರಲಿಲ್ಲ.

ಒಂದೇ ರಿಂಗು

ಜಪಾನಿನಲ್ಲಿ ಇಂಟರ್ನೆಟ್ಟಿಗೆ ಒಂದು ದುಡ್ಡು, ಮಾತಿಗೆ ಬೇರೆ ದುಡ್ಡು. ಅದು ಗೊತ್ತಾದ ಕೂಡಲೇ, ಊರಲ್ಲಿ ಎಲ್ಲರೂ ಬಿಟ್ಟೇಬಿಟ್ಟಿದ್ದ ಮಿಸ್ಡ್ ಕಾಲ್ ನನಗೆ ನೆನಪಾಯಿತು. ಮೊದಲ ದಿನ ಕಾರ್ಖಾನೆಯ ಸೂಪರ್‌ವೈಸರ್, ರೂಮು ಮುಟ್ಟಿದ ಮೇಲೆ ತಿಳಿಸು ಅಂದಿದ್ದರು. ಮುಟ್ಟಿದೆ, ಒಂದು ರಿಂಗು ಕೊಟ್ಟು ಕಟ್ ಮಾಡಿದೆ. ಅವರು ತಿರುಗಿ ಮಾಡಿದರು. ಪಾಪ, ಅವರ ದುಡ್ಡು ಯಾಕೆ ಹಾಳು ಅಂತ ಕಟ್ ಮಾಡಿದೆ. ಮತ್ತೆ ಮಾಡಿದರು, ಮತ್ತೆ ಕಟ್ ಮಾಡಿದೆ.

ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ ಸಪ್ಪಳ. ತೆರೆದರೆ ಸೂಪರ್‌ವೈಸರ್ ಔಷಧದ ಡಬ್ಬಿ ಹಿಡಿದು ಏದುಸಿರು ಬಿಡುತ್ತ ನಿಂತಿದ್ದಾರೆ. ತಮ್ಮ ಫೋನಿಗೆ ಏನೋ ಹೇಳಿದರು. ಅದು ಕನ್ನಡಕ್ಕೆ ತಿರುಗಿಸಿ ಕೇಳಿತು: "ತಾವು ಜೀವಂತ ಇರುವಿರಾ?"

ಮಿಸ್ಡ್ ಕಾಲಿನ ಶಾಸ್ತ್ರವನ್ನೆಲ್ಲ ಅದೇ ಫೋನಿನ ಮೂಲಕ ವಿವರಿಸಿದೆ. ತಲೆದೂಗಿ ಕೇಳಿದರು. ಮರುದಿನದಿಂದ ಮನೆ ಮುಟ್ಟಿದ ಮೇಲೆ ಅವರೂ ನನಗೊಂದು ರಿಂಗು ಕೊಡತೊಡಗಿದರು.

ಬಾಜೂಕ ಯಾರು?

ನಾನು ಕೆಲಸ ಮುಗಿಸಿ ರೈಲು ಹತ್ತುವ ಹೊತ್ತಿಗೆ ಮುಧೋಳದಲ್ಲಿ ಊಟ ಮುಗಿದು ಮನೆಮಂದಿ ಅಡ್ಡಾಗಿರುತ್ತಾರೆ. ಹುಡುಗಿ ಮಾತಿಗೆ ಸಿಗುವುದು ಆಗಲೇ. ಆದರೆ ಇಲ್ಲಿಯ ರೈಲಿನಲ್ಲಿ ಸುರಂಗದೊಳಗೂ ನೆಟ್‌ವರ್ಕ್ ಇರುತ್ತದೆ, ಫೋನಿನಲ್ಲಿ ಮಾತಾಡುವವರು ಮಾತ್ರ ಒಬ್ಬರೂ ಇಲ್ಲ. ಮಾತಾಡಿದರೆ ಎಲ್ಲರೂ ತಿರುಗಿ ನೋಡುತ್ತಾರೆ. ನಾವೋ ಮಗ್ಗದ ಸಪ್ಪಳದಲ್ಲಿ ಬೆಳೆದವರು, ಗುಟ್ಟು ಹೇಳಿದರೂ ಮೂರು ಮನೆಗೆ ಕೇಳಬೇಕು. ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದೆ.

"ಯಾಕ್ರಿ, ಹಿಂಗ ಕಳ್ಳರಂಗ ಮಾತಾಡಾಕತ್ತೀರಿ? ಬಾಜೂಕ ಯಾರರ ಅದಾರೇನು?" ಅಂದಳು ಹುಡುಗಿ.

"ಯಾರೂ ಇಲ್ಲ. ಖರೇನ ಇಲ್ಲ. ಬೇಕಾದ್ರ ನೋಡು," ಅಂತ ವೀಡಿಯೊ ಹಚ್ಚಿದೆ.

ಪಕ್ಕದಲ್ಲಿ ತೂಕಡಿಸುತ್ತಿದ್ದ ಹೆಂಗಸಿನ ತಲೆ ಅದೇ ಗಳಿಗೆಗೆ ನನ್ನ ಹೆಗಲ ಮೇಲೆ ಬಂದು ಬಿತ್ತು. ಆಕೆಗೆ ನಮ್ಮವ್ವನಷ್ಟು ವಯಸ್ಸು. ಆದರೆ ಮುಖಕ್ಕೆ ಮಾಸ್ಕು, ಕೂದಲಿಗೆ ಕರಿಬಣ್ಣ. ಮುಧೋಳಕ್ಕೆ ಕಂಡದ್ದು ಅಷ್ಟೇ.

"ಆ ಯಾರೂ ಅಲ್ಲದಾಕಿಗೆ ಛಲೋ ನಿದ್ದಿ ಹತ್ತೇತಿ. ಎಬ್ಬಸಬ್ಯಾಡ್ರಿ," ಅಂದು ಫೋನಿಟ್ಟಳು.

ಮುತ್ತ್ಯಾನ ಪರೀಕ್ಷೆ

ಸುದ್ದಿ ಮುತ್ತ್ಯಾನ ಕಿವಿಗೆ ಬಿತ್ತು. "ನಾಳಿ ಆ ಹುಡುಗನ ಜೋಡಿ ನಾನ ಮಾತಾಡ್ತೀನಿ. ಸಂಬಂಧ ಇಡೋದೋ ಬಿಡೋದೋ ಆಮ್ಯಾಲ ಹೇಳ್ತೀನಿ," ಅಂದರಂತೆ. ಹುಡುಗಿ ನನಗೆ ಮನಸಾರೆ ಹಿಡಿಸಿದ್ದಳು. ಆಕೆ ಕೈತಪ್ಪುತ್ತಾಳೆಂಬ ಚಿಂತೆಗೆ ಅನ್ನ ಸೇರಲಿಲ್ಲ.

ಇಲ್ಲಿಯ ಕಂಪನಿಯವರು ತಿಂಗಳ ಡೇಟಾ ಮುಗಿದರೆ ಇಂಟರ್ನೆಟ್ ಬಂದ್ ಮಾಡುವುದಿಲ್ಲ, ಅಷ್ಟು ಒರಟರಲ್ಲ. ವೇಗವನ್ನಷ್ಟೇ ಕಬ್ಬು ಹೇರಿದ ಟ್ರ್ಯಾಕ್ಟರಿನ ಮಟ್ಟಕ್ಕೆ ಇಳಿಸುತ್ತಾರೆ. ನನ್ನ ಡೇಟಾ ಮುಗಿದದ್ದು ಮುತ್ತ್ಯಾ ಮಾತಾಡುವ ದಿನವೇ.

ಇಸ್ತ್ರಿ ಮಾಡಿದ ಅಂಗಿ ಹಾಕಿ ಕುಳಿತೆ. ವೀಡಿಯೊದಲ್ಲಿ ಪಟಗಾ ಸುತ್ತಿದ ಮುತ್ತ್ಯಾ ಕಂಡರು, ಹಿಂದೆ ಮನೆಮಂದಿಯೆಲ್ಲ. "ನಮಸ್ಕಾರ್ರಿ," ಅಂತ ಎರಡೂ ಕೈ ಮುಗಿದೆ. ಅಷ್ಟರಲ್ಲಿ ಚಿತ್ರ ನಿಂತುಬಿಟ್ಟಿತು. ಮುತ್ತ್ಯಾ ಎತ್ತಿದ ಬೆರಳು ಎತ್ತಿದಂತೆಯೇ ಉಳಿಯಿತು, ಮಾತೊಂದೂ ಕೇಳಲಿಲ್ಲ. ನಾನು ಎದ್ದೆ, ಕಿಟಕಿಗೆ ಓಡಿದೆ, "ಹಲೋ ಹಲೋ" ಎಂದು ಒದರಿದೆ, ಆ ಕಂಪನಿಯ ಏಳು ತಲೆಮಾರಿಗೆ ಬೈದೆ. ಕಾಲು ತಾಸಿನ ಮೇಲೆ ಕಾಲ್ ತಾನೇ ಕಟ್ಟಾಯಿತು. ಮುಗಿಯಿತು ನನ್ನ ಮದುವೆ ಅಂತ ತಲೆ ಮೇಲೆ ಕೈ ಹೊತ್ತು ಕುಳಿತೆ.

ಸ್ವಲ್ಪ ಹೊತ್ತಿನಲ್ಲೇ ಹುಡುಗಿಯ ಮೆಸೇಜು ಬಂತು.

"ಮುತ್ತ್ಯಾ ಒಪ್ಯಾನ್ರಿ. ಆ ಮಲಗಿದಾಕಿ ವಿಷಯ ಮದವಿ ಆದಮ್ಯಾಲ ನಾನ ಕೇಳ್ತೀನಿ. ಮುತ್ತ್ಯಾ ಮಾತ್ರ ಎಲ್ಲಾರ ಮುಂದ ಹೇಳಿದ: 'ಕಾಲು ತಾಸು ಬಾಯಿಗೆ ಬಂದಂಗ ಬೈದೇನಿ. ಹುಡುಗ ಒಂದು ಮಾತು ತಿರುಗಿ ಆಡಲಿಲ್ಲ, ಮುಗದ ಕೈ ಇಳಸಲಿಲ್ಲ. ಇಂಥಾ ಅಳಿಯಾ ಈ ಮನಿಗೆ ಇನ್ನೂತನಕ ಬಂದಿಲ್ಲ!'"