ಹನ್ನೆರಡು ಚಂದ್ರಿಕೆ, ಎರಡು ಅಂಕ

ನಾನು ನಿಂತಿದ್ದದ್ದು ಮರಳವಾಡಿಯಿಂದ ಆಚೆಗಿನ ಒಂದು ಹಳ್ಳಿಯಲ್ಲಿ, ಕೆಂಪರಾಜು ಎಂಬ ರೈತರ ರೇಷ್ಮೆ ಹುಳುಮನೆಯ ಬಾಗಿಲಿನ ಎಡಕ್ಕೆ, ಗೋಡೆಯಿಂದ ಎರಡು ಹೆಜ್ಜೆ ಮುಂದೆ. ಎರಡು ವರ್ಷದ ಹಿಂದಿನ ಮೇ ತಿಂಗಳ ಕೊನೆಯ ಶನಿವಾರ, ಬೆಳಿಗ್ಗೆ ಹತ್ತೂ ಇಪ್ಪತ್ತು. ಬಿಸಿಲು ನನ್ನ ಬೆನ್ನಿಗಿತ್ತು, ಆದ್ದರಿಂದ ಕಣ್ಣಿಗೆ ಬೆಳಕು ಹೊಡೆದು ಏನನ್ನೋ ಏನೆಂದೋ ಕಂಡೆ ಎನ್ನುವಂತಿಲ್ಲ. ನನ್ನದು ಭೂಮಾಪನ ಇಲಾಖೆಯ ಕೆಲಸ. ನಿಂತ ಜಾಗ ಹೇಳದೆ ಮುಂದಿನ ಮಾತು ಆಡಿ ಅಭ್ಯಾಸವಿಲ್ಲ. ಅಲ್ಲದೆ, ಆವತ್ತು ನಾನು ಕಂಡದ್ದನ್ನು ನಮ್ಮ ಭಾವನನ್ನು ಬಲ್ಲ ಯಾರೂ ಸುಲಭವಾಗಿ ನಂಬುವುದಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಆ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಗಣಿತದ ಮೇಷ್ಟ್ರು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ತಾಲ್ಲೂಕು ಸುತ್ತಿ ಹುಡುಕಿದರೂ ತನ್ನ ಮದುವೆಯ ಊಟಕ್ಕೆ ತಾನೇ ಅಂಕ ಕೊಟ್ಟ ಮದುಮಗ ಇನ್ನೊಬ್ಬ ಸಿಗಲಾರ! ಬಾಸಿಂಗ ಬಿಚ್ಚುವ ಮೊದಲೇ ನಮ್ಮಪ್ಪನನ್ನು ಹತ್ತಿರ ಕರೆದು, ಊಟಕ್ಕೆ ಐವತ್ತೆಂಟು, ಪಾಯಸ ಒಂದಿಷ್ಟು ಗಟ್ಟಿಯಾಗಿದ್ದರೆ ಪ್ರಥಮ ದರ್ಜೆ ಬರುತ್ತಿತ್ತು ಎಂದರಂತೆ. ನಮ್ಮಪ್ಪನಿಗೆ ಕೋಪ ಬರಬೇಕಿತ್ತು ತಾನೆ? ಅವರು ನೇರ ಅಡುಗೆಮನೆಗೆ ಹೋಗಿ, ಎರಡೇ ಎರಡು ಅಂಕದಲ್ಲಿ ಮರ್ಯಾದೆ ಕಳೆದೆಯಲ್ಲಯ್ಯಾ ಎಂದು ಅಡುಗೆಯವನನ್ನು ಬೈದರು.

ಭಾವನ ಜೇಬಿನಲ್ಲಿ ಸದಾ ಒಂದು ಕೆಂಪು ಪೆನ್ನು. ಬಿಡದಿಯ ತಟ್ಟೆ ಇಡ್ಲಿಗೆ ಹತ್ತಕ್ಕೆ ಎಂಟು, ಚಟ್ನಿಗೆ ಆರೂವರೆ. ಬ್ರೇಕನ್ನು ಮೆಲ್ಲಗೆ ಹಿಡಿಯುವ ಬಸ್ ಡ್ರೈವರಿಗೆ ಇಳಿಯುವಾಗ ಬಾಯಿಮಾತಿನಲ್ಲೇ ಎಪ್ಪತ್ತು. ಒಮ್ಮೆ ಜ್ವರ ಬಂದು ಡಾಕ್ಟರರ ಹತ್ತಿರ ಹೋದವರು, ಔಷಧಿ ಚೀಟಿಯ ಕೆಳಗೆ ‘ಅಕ್ಷರ ದುಂಡಗಿರಲಿ’ ಎಂದು ಬರೆದು ವಾಪಸು ಕೊಟ್ಟರು. ಡಾಕ್ಟರರು ಬರೆದುಕೊಟ್ಟ ಎರಡನೇ ಚೀಟಿ ನಿಜಕ್ಕೂ ದುಂಡಗಿತ್ತು ಎಂಬುದನ್ನು ನಾನು ಸಾಕ್ಷಿಯಾಗಿ ಹೇಳಬಲ್ಲೆ.

ಮದುವೆಯಾದ ಹೊಸದರಲ್ಲಿ ಅಕ್ಕ ಮಾಡಿದ ಬಸ್ಸಾರಿಗೆ ಮೂವತ್ತೈದು ಕೊಟ್ಟರು. ಪಾಸು, ಅಷ್ಟೇ. ಮರುದಿನ ತಟ್ಟೆಯಲ್ಲಿ ಮುದ್ದೆಯ ಮೂರನೇ ಒಂದು ಪಾಲು ಮಾತ್ರ ಬಿತ್ತು. ಭಾವ ತಲೆಯೆತ್ತಿ ನೋಡಿದರೆ, “ಮೂವತ್ತೈದಕ್ಕೆ ಇಷ್ಟೇಯ ಬರೋದು” ಎಂದಳು. ಅವತ್ತಿನಿಂದ ಅಕ್ಕನ ಅಂಕ ಅರವತ್ತಕ್ಕಿಂತ ಕೆಳಗೆ ಇಳಿಯಲಿಲ್ಲ!

ನಗುವುದು ಸುಲಭ. ಆದರೆ ಭಾವನಿಗೆ ಅಂಕದ ಮೇಲೆ ಯಾಕಷ್ಟು ಭಕ್ತಿ ಎಂಬುದನ್ನೂ ಹೇಳಬೇಕು. ಅವರು ಚನ್ನಪಟ್ಟಣದ ಗೊಂಬೆ ಕಡೆಯುವವರ ಮನೆಯ ಮಗ. ತಂದೆ ಬೇಗ ಹೋದರು. ಶಿಫಾರಸು ಮಾಡುವವರು, ಕೈಹಿಡಿದು ಕರೆದೊಯ್ಯುವವರು ಯಾರೂ ಇರಲಿಲ್ಲ. ಬರೆದ ಪರೀಕ್ಷೆ, ಬಂದ ಅಂಕ, ಸಿಕ್ಕ ಕೆಲಸ, ಇಷ್ಟೇ ಅವರ ಕತೆ. ನಿನ್ನ ಅಪ್ಪ ಯಾರು ಎಂದು ಕೇಳದೆ ತನ್ನನ್ನು ಒಳಗೆ ಬಿಟ್ಟದ್ದು ಅಂಕವೊಂದೇ ಎಂದು ಅವರು ಹೇಳುತ್ತಿದ್ದರು. ಅದು ಸುಳ್ಳೂ ಅಲ್ಲ.

ಹೀಗಿರುವ ಮನುಷ್ಯನಿಗೆ ತಾಲ್ಲೂಕಿನ ಎಲ್ಲ ಸರ್ಕಾರಿ ಶಾಲೆಗಳ ಏಳನೇ ತರಗತಿಗೆ ಒಂದೇ ಪ್ರಶ್ನೆಪತ್ರಿಕೆ ತಯಾರಿಸುವ ಕೆಲಸ ಬಂದರೆ ಹೇಗಿರಬೇಡ? ಮೂರು ವಾರ ಮನೆಯಲ್ಲಿ ಯಾರೂ ಜೋರಾಗಿ ಕೆಮ್ಮುವಂತಿರಲಿಲ್ಲ. ಪ್ರಶ್ನೆಗಳು ಮಕ್ಕಳ ಸುತ್ತಲಿನ ಬದುಕಿನಿಂದ ಬರಬೇಕು ಎಂದು ಮೇಲಿನವರು ಸೂಚಿಸಿದ್ದರು. ರೇಷ್ಮೆ ಹುಳುವನ್ನು ಮುಟ್ಟಿಯೂ ನೋಡಿರದ ಭಾವ ಬಹಳ ಹೆಮ್ಮೆಯಿಂದ ಹತ್ತನೇ ಪ್ರಶ್ನೆ ಬರೆದರು: ‘ಒಂದು ಚಂದ್ರಿಕೆಯಲ್ಲಿ ೮೫೦ ಹುಳುಗಳಂತೆ ೧೨ ಚಂದ್ರಿಕೆಗಳಲ್ಲಿ ಹುಳು ಬಿಟ್ಟರೆ ಒಟ್ಟು ಎಷ್ಟು ಗೂಡುಗಳು ದೊರೆಯುತ್ತವೆ?’ ಎರಡು ಅಂಕ. ಚಂದ್ರಿಕೆ ಎಂದರೆ ಹಣ್ಣಾದ ಹುಳು ಗೂಡು ಕಟ್ಟಲೆಂದು ಬಿಡುವ ಬಿದಿರಿನ ತಟ್ಟಿ. ಪರೀಕ್ಷೆ ಮುಗಿದ ದಿನ ಪತ್ರಿಕೆಯನ್ನು ನನಗೂ ತೋರಿಸಿದರು. ಹತ್ತು ಸಾವಿರದ ಇನ್ನೂರು ಎಂದೆ. “ಭೇಷ್” ಎಂದರು. ನಾನೂ ಬೀಗಿದೆ.

ಉತ್ತರಪತ್ರಿಕೆಗಳನ್ನು ಬೇರೆ ಶಾಲೆಯವರು ಮಾದರಿ ಉತ್ತರ ಇಟ್ಟುಕೊಂಡು ತಿದ್ದಿದರು. ಭಾವನ ಶಾಲೆಯ ಇಪ್ಪತ್ತೊಂದು ಮಕ್ಕಳಲ್ಲಿ ಒಬ್ಬಳೇ ನಪಾಸು. ಸಿಂಚನ, ಕೆಂಪರಾಜು ಅವರ ಮಗಳು. ನಲವತ್ತಕ್ಕೆ ಹದಿಮೂರು. ಪಾಸಿಗೆ ಹದಿನಾಲ್ಕು ಬೇಕು. ನಿಯಮದಂತೆ ಅವಳ ಹೆಸರು ‘ನಿಧಾನ ಕಲಿಕೆಯವರು’ ಎಂಬ ಪಟ್ಟಿಗೆ ಹೋಯಿತು. ಪೋಷಕರ ಸಭೆಯಲ್ಲಿ ಆ ಪಟ್ಟಿಯನ್ನು ಎದ್ದು ನಿಂತು ಓದಿದವರು ನಮ್ಮ ಭಾವ.

ಊರಿನ ಶಾಲೆ ಏಳಕ್ಕೆ ಮುಗಿಯುತ್ತದೆ. ನಪಾಸಾದವರನ್ನೂ ಎಂಟನೇ ತರಗತಿಗೆ ಸೇರಿಸಿಕೊಳ್ಳುತ್ತಾರೆ, ಆದರೆ ಅದಕ್ಕೆ ಮರಳವಾಡಿಗೆ ಬಸ್ಸಿನಲ್ಲಿ ಹೋಗಬೇಕು. ಮೇ ತಿಂಗಳಲ್ಲಿ ಒಂದು ದಿನ ಕೆಂಪರಾಜು ಕನಕಪುರದಲ್ಲಿರುವ ಭಾವನ ಮನೆಗೇ ಬಂದರು. ನಾನೂ ಅಲ್ಲಿದ್ದೆ. ಮಗಳನ್ನು ಹೈಸ್ಕೂಲಿಗೆ ಕಳಿಸುವುದಿಲ್ಲ ಎಂದರು. ಹೆಂಡತಿ ಹಾರೋಹಳ್ಳಿಯ ಕಾರ್ಖಾನೆಗೆ ಹೋಗುತ್ತಾಳೆ, ಹುಳುಮನೆಯಲ್ಲಿ ವಯಸ್ಸಾದ ತಾಯಿ ಒಬ್ಬರೇ ಎಂದರು. ಭಾವ ಏನೋ ಹೇಳಹೊರಟರು.

“ನೀವೇ ಅಲ್ವಾ ಮೇಷ್ಟ್ರೇ ಸಭೇಲಿ ಓದಿದ್ದು, ಇವಳು ನಿಧಾನ ಅಂತ?” ಎಂದರು ಕೆಂಪರಾಜು. “ನಿಧಾನದೋಳು ಮನೇಲೇ ಇರ್ಲಿ. ನಮ್ಮವ್ವಂಗೂ ಒಂದು ಕೈ ಆಯ್ತದೆ.”

ಅವರು ಹೋದ ಮೇಲೆ ಭಾವ ಶಾಲೆಗೆ ಹೋಗಿ ಸಿಂಚನಳ ಉತ್ತರಪತ್ರಿಕೆ ತಂದರು. ಅವಳು ಎಲ್ಲಿ ಎಡವಿದಳು ಎಂದು ತಂದೆಗೆ ತೋರಿಸಿ, ಬೇಸಿಗೆಯಲ್ಲೇ ಹೇಳಿಕೊಟ್ಟು ಒಪ್ಪಿಸುವುದು ಅವರ ಯೋಚನೆ. ಜಗುಲಿಯ ಮೇಲೆ ಕೂತು ನನಗೆ ಓದಿ ಹೇಳಿದರು. ಮೊದಲ ಒಂಬತ್ತು ಪ್ರಶ್ನೆಗಳಲ್ಲಿ ತಪ್ಪು ಕಡಿಮೆ. ಹತ್ತನೆಯದರ ಮೇಲೆ ಒಂದೂವರೆ ಪುಟ ಬರೆದಿದ್ದಳು. ಅದರಾಚೆ ಖಾಲಿ. ಐದೈದು ಅಂಕದ ಕೊನೆಯ ಪ್ರಶ್ನೆಗಳನ್ನು ಮುಟ್ಟುವ ಮೊದಲೇ ಗಂಟೆ ಹೊಡೆದಿತ್ತು.

ಆ ಒಂದೂವರೆ ಪುಟ ಹೀಗಿತ್ತು: ‘ಬಿಟ್ಟ ಹುಳು ೧೦,೨೦೦. ಗೂಡು ಅಷ್ಟು ಬರುವುದಿಲ್ಲ. ಯಾವ ಕಾಲ ಎಂದು ಪ್ರಶ್ನೆಯಲ್ಲಿ ಹೇಳಿಲ್ಲ. ಮಳೆಗಾಲವಾದರೆ ಸುಣ್ಣಕಟ್ಟು ರೋಗ ಬಂದು ಹುಳು ಸಾಯುತ್ತವೆ. ಎರಡು ಹುಳು ಸೇರಿ ಒಂದೇ ಗೂಡು ಕಟ್ಟುವುದೂ ಉಂಟು. ಅದು ಜೋಡಿಗೂಡು, ಅದನ್ನು ಒಂದು ಎನ್ನಬೇಕೋ ಎರಡು ಎನ್ನಬೇಕೋ ತಿಳಿಯಲಿಲ್ಲ. ಊಜಿ ನೊಣ ಕೂತ ಹುಳು ಗೂಡು ಕಟ್ಟಿದರೂ ಗೂಡು ತೂತಾಗುತ್ತದೆ. ಬೇಸಿಗೆಯಲ್ಲಿ ನಮ್ಮ ಮನೆಯಲ್ಲಾದರೆ ಒಂದು ಚಂದ್ರಿಕೆಗೆ ಎಂಟುನೂರರ ಹತ್ತಿರ ಬರುತ್ತದೆ. ಬೇರೆಯವರ ಮನೆಯದು ನನಗೆ ಗೊತ್ತಿಲ್ಲ.’

ಭಾವ ಮೊದಲು ನಕ್ಕರು. ಎರಡನೇ ಸಲ ಓದುವಾಗ ನಗಲಿಲ್ಲ. ಅಕ್ಕನನ್ನು ಕರೆದು ಜೋಡಿಗೂಡು ಎಂಬುದು ನಿಜಕ್ಕೂ ಇದೆಯೇ ಎಂದು ಕೇಳಿದರು.

“ಇಲ್ದೆ ಏನು? ಪ್ರಶ್ನೆ ಬರಿಯೋಕೆ ಮುಂಚೆ ಒಂದು ಮಾತು ನನ್ನ ಕೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?”

ಅಕ್ಕ ಒಳಗೆ ಹೋದಳು. ಆ ಮಾತು ನನಗೂ ತಾಗಿತು. ಯಾಕೆಂದರೆ ನಾನೂ ಅಕ್ಕನೂ ದೊಡ್ಡಆಲಹಳ್ಳಿಯವರು. ನಮ್ಮ ಮನೆಯಲ್ಲಿ ಹುಳು ಸಾಕುತ್ತಿದ್ದರು. ಜೋಡಿಗೂಡನ್ನು ಬೇರೆ ಮಾಡಿ ಬುಟ್ಟಿಗೆ ಹಾಕುವುದು ನಾನು ಚಿಕ್ಕವನಾಗಿದ್ದಾಗ ನನ್ನ ಕೆಲಸ! ಆದರೂ ಪ್ರಶ್ನೆ ನೋಡಿದ ಕೂಡಲೇ ಹತ್ತು ಸಾವಿರದ ಇನ್ನೂರು ಎಂದೆ. ಆ ಶಾಲೆಯ ಉಳಿದ ಇಪ್ಪತ್ತು ಮಕ್ಕಳೂ ಹಾಗೇ ಬರೆದಿದ್ದರು. ಅವರ ಮನೆಗಳಲ್ಲೂ ಹುಳುವಿದೆ. ಅವರಿಗೂ ಗೊತ್ತು. ಪರೀಕ್ಷೆ ಎಂದರೆ ಗೊತ್ತಿರುವುದನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬರಬೇಕು ಎಂಬುದನ್ನು ನಾವೆಲ್ಲ ಯಾರೂ ಹೇಳಿಕೊಡದೆ ಕಲಿತಿದ್ದೇವೆ. ಈ ಹುಡುಗಿ ಕಲಿತಿರಲಿಲ್ಲ. ತಿದ್ದಿದವರನ್ನೂ ತಪ್ಪು ಎನ್ನಲಾರೆ. ರಾಶಿ ಪತ್ರಿಕೆಯ ನಡುವೆ ಒಂದೂವರೆ ಪುಟ ಓದಲು ಅವರಿಗೆ ಹೊತ್ತೆಲ್ಲಿತ್ತು?

ಎರಡು ಅಂಕ ಕೊಟ್ಟರೆ ಹದಿನೈದು, ಪಾಸು. ಭಾವ ಮರುದಿನವೇ ಶಿಕ್ಷಣ ಇಲಾಖೆಯ ಕಚೇರಿಗೆ ಹೋದರು, ಬೈಕಿನಲ್ಲಿ ನಾನೇ ಕರೆದುಕೊಂಡು ಹೋದೆ. ಮೇಜಿನಾಚೆಗಿದ್ದವರು ಬಹಳ ಸಮಾಧಾನದಿಂದ ವಿವರಿಸಿದರು. ಮಾದರಿ ಉತ್ತರಕ್ಕೆ ಆಕ್ಷೇಪಣೆ ಬಂದರೆ ಅದನ್ನು ಪ್ರಶ್ನೆ ತಯಾರಿಸಿದವರಿಗೆ ಕಳಿಸಿ ಅಭಿಪ್ರಾಯ ಪಡೆಯಬೇಕಂತೆ. ತಯಾರಿಸಿದವನು ನಾನೇ ಎಂದರು ಭಾವ. ಹಾಗಾದರೆ ನೀವು ನಿಮಗೇ ಒಂದು ಪತ್ರ ಬರೆಯಬೇಕಾಗುತ್ತದೆ ಎಂದರು ಅವರು, ನಗದೆ. ಬರೆಯುತ್ತೇನೆ, ಕಾಗದ ಕೊಡಿ ಎಂದರು ಭಾವ, ಅವರೂ ನಗದೆ! ಆದರೆ ಅಂಕಗಳು ಕಂಪ್ಯೂಟರಿಗೆ ಏರಿ ಬೀಗ ಬಿದ್ದಾಗಿತ್ತು. ಇನ್ನು ಅದನ್ನು ಯಾರೂ ತಿದ್ದುವಂತಿರಲಿಲ್ಲ.

ಭಾವ ಆಮೇಲೆ ಮಾಡಿದ್ದು ಅವರೊಬ್ಬರೇ ಮಾಡಬಲ್ಲ ಕೆಲಸ. ಹುಳು ಹಣ್ಣಾಗಿವೆ ಎಂದು ಗೊತ್ತಾದ ಸೋಮವಾರ ಕೆಂಪರಾಜು ಅವರ ಮನೆಗೆ ಹೋಗಿ, ಒಂದು ಚಂದ್ರಿಕೆಗೆ ಎಂಟುನೂರ ಐವತ್ತು ಹುಳುಗಳನ್ನು ತಾನೇ ಎಣಿಸಿ ಬಿಡುತ್ತೇನೆ ಎಂದು ಹಟ ಹಿಡಿದರು. ಉತ್ತರ ಪರೀಕ್ಷಿಸದೆ ಅಂಕ ಕೊಡುವುದು ಅವರ ಜಾಯಮಾನದಲ್ಲಿಲ್ಲ. ಕೆಂಪರಾಜು ಒಂದು ಚಂದ್ರಿಕೆ ತೋರಿಸಿ ಹೊರಗೆ ಹೋದರು. ಭಾವನಿಗೆ ಹುಳು ಎಂದರೆ ಹೆದರಿಕೆ. ಕೈಗೆ ಕರವಸ್ತ್ರ ಸುತ್ತಿಕೊಂಡು ಒಂದೊಂದನ್ನೇ ಎತ್ತಿದರು.

“ಕಚ್ಚಕಿಲ್ಲ ಸಾ, ಹಿಡ್ಕಳಿ” ಎಂದಳು ಸಿಂಚನ.

ಒಂದು ಹುಳು ಅಂಗಿಯ ತೋಳು ಹತ್ತಿತು. ಭಾವ ಕುಣಿದಾಡಿ ಎಣಿಕೆ ಮರೆತರು. ಎಲ್ಲವನ್ನೂ ಎತ್ತಿ ಮತ್ತೆ ಒಂದರಿಂದ ಶುರುಮಾಡಲು ಹೊರಟಾಗ ಹುಡುಗಿ ಮೆಲ್ಲಗೆ, “ಮುನ್ನೂರ ಹನ್ನೆರಡು ಸಾ” ಎಂದಳು. ತಾನು ಮಾಡುತ್ತಿದ್ದ ಕೆಲಸ ಬಿಡದೆ ಪಕ್ಕದಲ್ಲಿ ಅದನ್ನೂ ಎಣಿಸುತ್ತಿದ್ದಳು. ಭಾವ ಮುನ್ನೂರ ಹದಿಮೂರರಿಂದ ಮುಂದುವರಿಸಿದರು.

ಐದು ದಿನ ಬಿಟ್ಟು ಶನಿವಾರ ಇಬ್ಬರೂ ಮತ್ತೆ ಹೋದೆವು. ಹುಳುಮನೆಯ ಮುಂದೆ ಚಂದ್ರಿಕೆ ಇಟ್ಟು ಗೂಡು ಬಿಡಿಸಿದರು. ಭಾವ ಎಣಿಸಿದರು, ಸಿಂಚನ ಎಣಿಸಿದಳು, ಅಭ್ಯಾಸಬಲದಿಂದ ನಾನೂ ಎಣಿಸಿದೆ. ಎಂಟುನೂರ ಮೂರು ಗೂಡು. ಅದರಲ್ಲಿ ಇಪ್ಪತ್ತೊಂದು ಜೋಡಿಗೂಡು. ಇಪ್ಪತ್ತಾರು ಹುಳು ಸತ್ತಿದ್ದವು. ಮೂವರ ಲೆಕ್ಕವೂ ಒಂದೇ ಬಂತು.

ಭಾವ ಒಂದು ಜೋಡಿಗೂಡನ್ನು ಅಂಗೈಯಲ್ಲಿಟ್ಟುಕೊಂಡು ಹೊರಳಿಸಿ ನೋಡಿದರು. ಆಮೇಲೆ ಕೆಂಪರಾಜು ಅವರ ಕಡೆ ತಿರುಗಿದರು. ನನಗೂ ಭಾವನಿಗೂ ನಡುವೆ ಆರು ಅಡಿ ಇದ್ದಿರಬಹುದು.

“ನಾನು ಸಭೇಲಿ ಓದಿದ್ದು ತಪ್ಪು ಕೆಂಪರಾಜಣ್ಣ. ಆ ಪಟ್ಟೀನ ಈಗ ತಿದ್ದಕ್ಕೆ ಆಗಲ್ಲ, ಕೇಳಿದೆ, ಆಗಲ್ಲ ಅಂದ್ರು. ಅದಕ್ಕೆ ನಾನೇ ಬಂದು ಹೇಳ್ತಿದೀನಿ. ಈ ಮಗು ನಿಧಾನ ಅಲ್ಲ. ಯೋಚನೆ ಮಾಡ್ತಾ ಕೂತ್ಲು, ಗಂಟೆ ಹೊಡೀತು. ಆಗಿದ್ದು ಅಷ್ಟೇ.”

ಇಷ್ಟು ಹೇಳಿ ಭಾವ ಅತ್ತರು. ಮುಖ ಮುಚ್ಚಿಕೊಳ್ಳಲಿಲ್ಲ, ತಿರುಗಿ ನಿಲ್ಲಲೂ ಇಲ್ಲ. ಐವತ್ತಾರು ವರ್ಷದ ಮೇಷ್ಟ್ರು, ಹದಿಮೂರು ವರ್ಷದ ವಿದ್ಯಾರ್ಥಿನಿಯ ಎದುರಿಗೆ.

ಕೆಂಪರಾಜು ಒಪ್ಪಿದಂತೆ ಕಾಣಲಿಲ್ಲ. ಮೊಹರು ಹಾಕಿದ ಕಾಗದದಲ್ಲಿ ಒಂದು ಇದೆ, ನೀವು ಬಾಯಲ್ಲಿ ಇನ್ನೊಂದು ಹೇಳುತ್ತೀರಿ, ಯಾವುದನ್ನು ನಂಬಲಿ ಎಂದು ಕೇಳಿದರು. ಆಗ ಒಳಗಿನಿಂದ ಮುದುಕಿ ಚಿಕ್ಕತಾಯಮ್ಮ ಬಾಗಿಲಿಗೆ ಬಂದರು.

“ಹುಳ ನಾ ನೋಡ್ಕತೀನಿ ಕಣ್ಲಾ. ಮೇಷ್ಟ್ರು ಅಳ್ತಾವ್ರೆ, ನೀನು ಕಾಗ್ದದ ಮಾತಾಡ್ತೀಯಲ್ಲ.”

ಕೆಂಪರಾಜು ತಾಯಿಯನ್ನು ನೋಡಿದರು. ಗೂಡಿನ ರಾಶಿಯನ್ನು ನೋಡಿದರು. ಹೆಗಲ ಟವೆಲು ತೆಗೆದು ಭಾವನ ಕೈಗೆ ಕೊಟ್ಟು, “ಮರಳವಾಡಿ ಬಸ್ಸು ಎಷ್ಟೊತ್ತಿಗೆ ಮೇಷ್ಟ್ರೇ?” ಎಂದು ಕೇಳಿದರು.

ಭಾವ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.

“ಎಂಟೂ ಹತ್ತಕ್ಕೆ” ಎಂದಳು ಸಿಂಚನ.

ಅವಳು ಅದನ್ನು ಯಾವಾಗ, ಯಾರಲ್ಲಿ ಕೇಳಿ ತಿಳಿದುಕೊಂಡಿದ್ದಳೋ ನನಗೆ ಗೊತ್ತಿಲ್ಲ. ಆ ಮನೆಯಲ್ಲಿ ಯಾರೂ ಅವಳಿಗೆ ಹೇಳಿರಲಾರರು.

ಬರುವಾಗ ದಾರಿಯಲ್ಲಿ ಭಾವ ಬೈಕಿನ ಹಿಂದೆ ಕೂತು, ಅತ್ತದ್ದನ್ನು ನಿಮ್ಮಕ್ಕನಿಗೆ ಹೇಳಬೇಡವೋ ಎಂದರು. ಹೇಳಲಿಲ್ಲ. ಕಳೆದ ಕಾರ್ತಿಕದಲ್ಲಿ ಭಾವ ತೀರಿಕೊಂಡರು. ಅಕ್ಕನಿಗೆ ಇದು ತಿಳಿಯಬೇಕು ಅನಿಸಿ ಬರೆದಿದ್ದೇನೆ. ಅವಳು ನಂಬದೆ ಹೋದರೆ ಕೇಳಲು ಜನರಿದ್ದಾರೆ. ಆವತ್ತು ನನ್ನ ಜೊತೆ ಇದನ್ನು ಕಂಡು ಇವತ್ತಿಗೂ ಇರುವವರು ಮೂವರು: ಕೆಂಪರಾಜು. ಅವರ ತಾಯಿ ಚಿಕ್ಕತಾಯಮ್ಮ, ಕಣ್ಣು ಮಂಜಾಗಿದೆ, ನೆನಪು ಚೆನ್ನಾಗಿದೆ. ಮತ್ತೆ ಸಿಂಚನ, ಈಗ ಮರಳವಾಡಿಯಲ್ಲಿ ಹತ್ತನೇ ತರಗತಿ.