ಪುಸ್ತಕ ಬಿಡುಗಡೆಗೆ ಕರೆಯದೆ ಬಂದ ಮೋಡಕ್ಕೆ

ಸದಾ ಸಂಚಾರದಲ್ಲಿರುವ, ಖಾಯಂ ವಿಳಾಸವಿಲ್ಲದ ಶ್ರೀ ಕಪ್ಪು ಮೋಡದವರ ಸನ್ನಿಧಿಗೆ,

ಮಾನ್ಯರೇ,

ಶನಿವಾರಸಂತೆ ಕಡೆಯ ಸಣ್ಣ ಊರೊಂದರ ಸಣ್ಣ ಲೇಖಕನಾದ ಸಣ್ಣಸ್ವಾಮಿ ಎಂಬ ನಾನು, ಕತ್ತು ನೋಯುವಷ್ಟು ತಲೆ ಎತ್ತಿ ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಮೊನ್ನೆ ಭಾನುವಾರ ಕಂಡಾಗಲಂತೂ ಮೈಕೈ ತುಂಬಿಕೊಂಡೇ ಇದ್ದಿರಿ.

ಆ ಭಾನುವಾರ ನನ್ನ ಮೊದಲ ಪುಸ್ತಕದ ಬಿಡುಗಡೆಯಿತ್ತು. ಚಿಕ್ಕಂದಿನಲ್ಲಿ ಒಲೆಯ ಮುಂದೆ ಕೇಳಿದ ಕತೆಗಳನ್ನು ಹನ್ನೊಂದು ವರ್ಷ ಕೂತು ಬರೆದಿದ್ದೆ. ಅಷ್ಟೂ ವರ್ಷ ಊರಿನವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಏನ್ ಸಣ್ಣಸ್ವಾಮಿ, ಇನ್ನೂ ಮುಗೀಲಿಲ್ವಾ ನಿನ್ ಹೋಂವರ್ಕು?" ಅವರೆಲ್ಲರ ಮುಂದೆ ಒಂದೇ ಒಂದು ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿಬಿಡಬೇಕು ಎನ್ನುವುದಷ್ಟೇ ನನ್ನ ಆಸೆ. ಸಹಿ ಕೇಳುವವರ ಸಾಲು ಉದ್ದವಾದರೆ ಕೈ ಸೋಲಬಾರದೆಂದು ಹದಿನೈದು ದಿನ ಸಹಿ ಅಭ್ಯಾಸ ಮಾಡಿದ್ದೆನೆಂಬುದನ್ನು ತಮಗಲ್ಲದೆ ಬೇರೆ ಯಾರಿಗೂ ಹೇಳಿಲ್ಲ.

ಸಮುದಾಯ ಭವನದಲ್ಲಿ ಐವತ್ತು ಜನ ಸೇರಿದ್ದರು. ನಾನು ಅಂದುಕೊಂಡದ್ದು ಮುನ್ನೂರು. ಆದರೂ ಐವತ್ತರಲ್ಲಿ ಎಲ್ಲರೂ ಎಚ್ಚರವಾಗಿದ್ದರು. ಮೈಸೂರಿನಿಂದ ಬಂದಿದ್ದ ಮುಖ್ಯ ಅತಿಥಿ, ನಿವೃತ್ತ ಅಧ್ಯಾಪಕಿ ಉಷಾರಾಣಿಯವರು ಪುಸ್ತಕದ ಕಟ್ಟಿಗೆ ಸುತ್ತಿದ್ದ ರಿಬ್ಬನ್ನಿಗೆ ಕೈ ಹಾಕಿದರು. ತಾವು ಗುಡ್ಡದ ಹಿಂದಿನಿಂದ ತಲೆ ಹಾಕಿದ್ದು ಅದೇ ಗಳಿಗೆಯಲ್ಲಿ.

ಭವನದ ಹಿಂದೆಯೇ ಪರಮೇಶಪ್ಪನವರ ದೊಡ್ಡ ಸಿಮೆಂಟ್ ಕಣವಿದೆ. ಸ್ವಂತ ಕಣವಿಲ್ಲದವರೆಲ್ಲ ಕೊಯ್ದ ಕಾಫಿಯನ್ನು ಒಣಗಲು ಹರಡುವುದು ಅಲ್ಲೇ. ಜನವರಿಯ ಬಿಸಿಲಿಗೆ ಮುಕ್ಕಾಲು ಒಣಗಿದ ಕಾಫಿ ಒಮ್ಮೆ ನೆನೆದರೆ ಬೂಷ್ಟು ಹಿಡಿಯುತ್ತದೆಂಬುದು ತಮಗೆ ಚೆನ್ನಾಗಿ ಗೊತ್ತು. ಗೊತ್ತಿರುವುದರಿಂದಲೇ ತಾವು ಬರುವುದು. ಬಾಗಿಲ ಬಳಿ ಕೂತಿದ್ದ ಕೆಂಪಣ್ಣ ಹೊರಗೆ ಇಣುಕಿ, "ಮೋಡ ಬಂತು ಕಣ್ರಪ್ಪೋ!" ಎಂದು ಕೂಗಿದ್ದೇ ತಡ, ಇಡೀ ಸಭೆ ಎದ್ದು ನಿಂತಿತು. ಸ್ವಾಗತ ಭಾಷಣಕ್ಕೆ ಸಿಗದ ಗೌರವ ತಮಗೆ ಸಿಕ್ಕಿದ್ದನ್ನು ಕಂಡು ನನಗೆ ಹೆಮ್ಮೆಯೇ ಆಯಿತು. ಅರೆ ನಿಮಿಷದಲ್ಲಿ ಒಳಗೆ ಉಳಿದವರು ಮೂವರು: ನಾನು, ಉಷಾರಾಣಿಯವರು, ಮೈಕು.

ಪುಸ್ತಕದ ಕಟ್ಟು ಹಿಡಿದುಕೊಂಡೇ ನಾವೂ ಕಣಕ್ಕೆ ಓಡಿದೆವು. ಎಲ್ಲರೂ ಕಾಫಿಯನ್ನು ರಾಶಿಗೆ ಎಳೆಯುತ್ತಿದ್ದರು. ಟಾರ್ಪಾಲು ಸಾಲದೆ ಬಂದಾಗ ಯಾರೋ ಪುಣ್ಯಾತ್ಮರು ವೇದಿಕೆಯ ಫ್ಲೆಕ್ಸನ್ನೇ ಕಿತ್ತು ತಂದು ಒಂದು ರಾಶಿಗೆ ಹೊದಿಸಿದರು. ಆರು ಅಡಿಯ ನನ್ನ ಮುಖ ಆಕಾಶ ನೋಡುತ್ತ ಮಲಗಿತು. ಪುಸ್ತಕದ ಹೆಸರನ್ನು ಆವತ್ತು ಪೂರ್ತಿ ಓದಿದವರು ಪ್ರಾಯಶಃ ತಾವೊಬ್ಬರೇ. ಅಭಿಪ್ರಾಯ ತಿಳಿಸಿದರೆ ಉಪಕಾರ.

ಅಷ್ಟರಲ್ಲಿ ತಾವು ಕಳುಹಿಸಿದ ಗಾಳಿಯವರು ಟಾರ್ಪಾಲುಗಳನ್ನು ಹಾರಿಸತೊಡಗಿದರು. ಮೇಲಿಡಲು ಕಲ್ಲು ಸಿಗಲಿಲ್ಲ. "ಕಲ್ಲ್ ಯಾಕ್ರೋ, ನಾವಿಲ್ವಾ? ಅಂಚಿನ ಮೇಲೆ ಕೂತ್ಕಳಿ!" ಎಂದರು ಡೈರಿಗೆ ಹಾಲು ಹಾಕುವ ಸುಲೋಚನಮ್ಮ. ಐವತ್ತು ಜನವೂ ಅಂಚಿನ ಮೇಲೆ ಭಾರ ಬಿಟ್ಟು ಕೂತರು. ನನ್ನ ಹೆಂಡತಿ ಲಿಂಗಮ್ಮನೂ ಕೂತಳು, ಉಷಾರಾಣಿಯವರ ರೇಷ್ಮೆ ಸೀರೆಯೂ ಕೂತಿತು. ಎದ್ದರೆ ಟಾರ್ಪಾಲು ಹಾರುತ್ತದೆ. ಜಗತ್ತಿನ ಯಾವ ಲೇಖಕನಿಗೆ ಇಂಥ ಸಭೆ ಸಿಕ್ಕೀತು, ತಾವೇ ಹೇಳಿ! ಉಷಾರಾಣಿಯವರು ಕೂತಲ್ಲಿಂದಲೇ ರಿಬ್ಬನ್ ಹರಿದು ಬಿಡುಗಡೆ ಮುಗಿಸಿದರು, ನಾನು ಓದಲು ಶುರುಮಾಡಿದೆ.

ಹುಲಿಯೊಂದು ಪಂಚೆ ಉಟ್ಟು, ಅಳಿಯನ ವೇಷದಲ್ಲಿ ಹೆಣ್ಣಿನ ಮನೆಗೆ ಊಟಕ್ಕೆ ಬರುವ ಕತೆ. ಜನ ನಕ್ಕರು. "ಮೀಸೆ ನೋಡಿದ್ರೆ ನಮ್ ಪರಮೇಶಪ್ಪನ್ ಅಳಿಯನೇ" ಎಂದು ಕೆಂಪಣ್ಣ ರೇಗಿಸಿದ. ಅತ್ತೆ ಕಡುಬು ಬಡಿಸಲು ಬಗ್ಗುತ್ತಾಳೆ, ಪಂಚೆಯ ಕೆಳಗಿನಿಂದ ಬಾಲ ಹೊರಗೆ ಜಾರುತ್ತದೆ, ಅತ್ತೆಯ ಕಣ್ಣು ಆ ಕಡೆ ಹೊರಳುತ್ತದೆ...

ಮಾನ್ಯರೇ, ಸರಿಯಾಗಿ ಅಲ್ಲಿ ತಾವು ಹೊರಟುಹೋದಿರಿ. ಒಂದು ಹನಿಯನ್ನೂ ಹಾಕದೆ! ಬಿಸಿಲು ಬಿತ್ತು. ಐವತ್ತು ಜನ ಎದ್ದು ಕಾಫಿಯನ್ನು ಮತ್ತೆ ಹರಡತೊಡಗಿದರು. ನನ್ನ ಹುಲಿ ಕೈ ತೊಳೆದು ಎಲೆಯ ಮುಂದೆ ಹಾಗೇ ಕೂತಿತು.

ಮರುದಿನ ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದುಕೊಂಡೇ ಸುಲೋಚನಮ್ಮ ಗೇಟಿನಲ್ಲಿ ನಿಂತಿದ್ದರು. "ಏನಪ್ಪಾ, ಅತ್ತೆ ಬಾಲ ನೋಡಿದ್ಲಾ, ಇಲ್ವಾ?" ನಾನು ಸಂಭ್ರಮದಿಂದ ಪುಸ್ತಕ ಚಾಚಿದೆ. "ಅದ್ನ ಯಾರ್ ಓದ್ತಾರೆ, ಬಾಯಲ್ಲೇ ಹೇಳು" ಎಂದರು. ಹೇಳಿದೆ. ಕೊನೆಯವರೆಗೂ ಹೇಳಿದೆ. ಅವರು ಕ್ಯಾನನ್ನು ಒಮ್ಮೆಯೂ ಕೆಳಗಿಡದೆ ಕೇಳಿದರು, ಜೋರಾಗಿ ನಕ್ಕರು. "ಇದ್ನ ನಿನ್ನೇನೇ ಹೇಳಿದ್ರೆ ಯಾರ್ ಏಳ್ತಿದ್ರು?" ಎಂದು ನನ್ನನ್ನೇ ಬೈದು ಹಾಲು ಹಾಕಲು ಹೋದರು. ಸಹಿ ಕೇಳಲಿಲ್ಲ.

ಆದ್ದರಿಂದ ತಮ್ಮಲ್ಲಿ ಎರಡೇ ವಿನಂತಿ. ಇನ್ನು ಮುಂದೆ ಯಾವುದೇ ಸಾಹಿತ್ಯ ಸಭೆಗೆ ಬರುವ ಮೊದಲು ಕತೆಯ ಒಂದು ಪ್ರತಿ ತರಿಸಿಕೊಂಡು ಪುಟಗಳನ್ನು ಎಣಿಸಿಕೊಳ್ಳಬೇಕು. ಬಂದ ಮೇಲೆ, ವಂದನಾರ್ಪಣೆ ಮುಗಿಯುವ ತನಕ ಅಲ್ಲಾಡದೆ ನಿಲ್ಲಬೇಕು.

ಇಂತಿ, ಕೊಡೆ ಹಿಡಿದುಕೊಂಡೇ ಬರೆಯುತ್ತಿರುವ
ತಮ್ಮ ವಿಶ್ವಾಸಿ,
ಸಣ್ಣಸ್ವಾಮಿ

ಮರೆತ ಮಾತು: ಅಲ್ಲಿಂದ ಹೊರಟವರು ತಾವು ನೇರವಾಗಿ ನಮ್ಮ ಮನೆಗೇ ಹೋಗಿ, ಕಾಫಿ ಹರಡಿಟ್ಟು ಬಂದಿದ್ದ, ಯಾರೂ ಇಲ್ಲದ ನನ್ನ ಕಣದ ಮೇಲೆ ಮನಸಾರೆ ಸುರಿದಿದ್ದೀರಿ. ಊರಿನವರ ಕಾಫಿಯ ಮೇಲೆ ಕೂತು ನನ್ನ ಕತೆ ಕೇಳುತ್ತಿದ್ದ ಲಿಂಗಮ್ಮ ಈಗ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಈ ಪತ್ರವನ್ನು ತಾವಾದರೂ ಕೊನೆಯವರೆಗೆ ಓದಿ.